ಕೌಸರ್‌ನ ಆ ಒಂದು ಅಕ್ಷರ

ನಿಮ್ಮ ಮನೆಯ ನಡುಕೋಣೆಯಲ್ಲಿ ಆರು ಮರದ ಪೆಟ್ಟಿಗೆಗಳು ಜಾಗ ಹಿಡಿದು ಕುಳಿತರೆ ನೀವು ಸುಮ್ಮನಿರುತ್ತೀರಾ? ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿರುವ ನನ್ನ ತಮ್ಮನ ಹೆಂಡತಿ ಎರಡು ವರ್ಷ ಸುಮ್ಮನಿದ್ದಳು. 2023ರ ಮೇ ತಿಂಗಳಲ್ಲಿ, ಈದ್ ಮುಗಿಸಿಕೊಂಡು ನಾನು ಅವರ ಮನೆಗೆ ಹೋದಾಗ ಅವಳ ಸಹನೆ ಮುಗಿದಿತ್ತು. ಎರಡನೆಯ ಮಗುವಿನ ನಿರೀಕ್ಷೆಯಲ್ಲಿದ್ದಳು. "ಆಪಾ, ಒಂದು ಜೋಡಿ ಇರಲಿ, ಎರಡು ಜೋಡಿ ಹೋಗಲಿ. ಯಾವುದು ಇರಬೇಕೆಂದು ನೀವೇ ಹೇಳಿ" ಎಂದಳು. ನಾನು ಹೇಳಿದರೆ ಅವನು ಎದುರಾಡುವುದಿಲ್ಲ ಎಂಬ ಲೆಕ್ಕ ಅವಳದು.

ಪೆಟ್ಟಿಗೆಗಳೆಂದರೆ ಸ್ಪೀಕರ್‌ಗಳು. ತಮ್ಮನಿಗೆ ಸಂಗೀತದ ಹುಚ್ಚು. ಹುಬ್ಬಳ್ಳಿಯಲ್ಲಿ ಬೆಳೆದವನು, ಗಂಗೂಬಾಯಿ ಹಾನಗಲ್ಲರ ಧ್ವನಿಮುದ್ರಿಕೆಗಳನ್ನು ಅಲ್ಲಿಗೂ ಹೊತ್ತುಕೊಂಡು ಹೋಗಿದ್ದಾನೆ. ನಾನು ವಾದ್ಯ ಸಂಗೀತಕ್ಕೆ ಕೂರುವವಳಲ್ಲ. ಈ ವಿಷಯದಲ್ಲಿ ಉಲಮಾಗಳ ನಡುವೆ ಹಿಂದಿನಿಂದಲೂ ಭಿನ್ನಾಭಿಪ್ರಾಯವಿದೆ, ನನ್ನದು ಎಚ್ಚರಿಕೆಯ ದಾರಿ. ಅವನು ಹಾಡು ಹಾಕಿದಾಗ ನಾನು ಅಡುಗೆಮನೆಗೆ ಹೋಗುತ್ತಿದ್ದೆ. "ಅಡುಗೆಮನೆಗೂ ಕೇಳಿಸುತ್ತದಲ್ಲ ಆಪಾ" ಎಂದು ಅವನು ನಗುತ್ತಿದ್ದ. ಕೇಳಿಸುತ್ತಿತ್ತು, ಸುಳ್ಳೇಕೆ ಹೇಳಲಿ.

ಮೂರು ಜೋಡಿಗಳೂ ಒಂದೇ ಮನೆತನದವು. ಬ್ರಿಟನ್ನಿನ ಬಿಬಿಸಿ ರೇಡಿಯೋದವರಿಗೆ ಮಾರುಕಟ್ಟೆಯ ಸ್ಪೀಕರ್‌ಗಳು ಸಾಲದಾಗಿದ್ದವು. ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಒಳಗಿನ ಶಂಕು ಕಾಗದದ್ದು. ನಮ್ಮ ಹಪ್ಪಳ ಮಳೆಗಾಲದಲ್ಲಿ ಮೆತ್ತಗಾಗುವ ಹಾಗೆ ಅದೂ ಹವೆಯ ತೇವಕ್ಕೆ ಬದಲಾಗುತ್ತಿತ್ತು. ಅದಕ್ಕೆ ಸರೆ ಎಂಬ ಜಿಲ್ಲೆಯ ಕಿಂಗ್ಸ್‌ವುಡ್ ವಾರೆನ್‌ನಲ್ಲಿದ್ದ ಅವರ ಸಂಶೋಧನಾ ವಿಭಾಗವೇ ಕೆಲಸಕ್ಕಿಳಿಯಿತು. ಕಾಗದ ಬಿಟ್ಟು ಬೆಕ್ಸ್‌ಟ್ರೀನ್ ಎಂಬ ಪ್ಲಾಸ್ಟಿಕ್ ತಂದರು. ಅವರ ಪರೀಕ್ಷೆಯ ವಿಧಾನ ಕೇಳಿ ನನಗೆ ಕುತೂಹಲವಾಯಿತು. ಸ್ಟುಡಿಯೋದಲ್ಲಿ ಒಬ್ಬ ವ್ಯಕ್ತಿ ಮಾತನಾಡುತ್ತಾನೆ. ಅದೇ ಮಾತನ್ನು ಇನ್ನೊಂದು ಕೋಣೆಯಲ್ಲಿ ಸ್ಪೀಕರಿನಿಂದ ಕೇಳುತ್ತಾರೆ. ಒಳಗೆ ಹೋಗಿ ಅವನನ್ನು ಕೇಳುವುದು, ಹೊರಗೆ ಬಂದು ಪೆಟ್ಟಿಗೆಯನ್ನು ಕೇಳುವುದು. ವಾದ್ಯವಾದರೆ ಅದು ಹೇಗಿತ್ತೋ ಯಾರಿಗೆ ಗೊತ್ತು. ಮನುಷ್ಯನ ಮಾತು ಹುಟ್ಟಿದಂದಿನಿಂದ ಕೇಳಿದ್ದು, ಅದರಲ್ಲಿ ಕಿವಿಗೆ ಮೋಸ ಮಾಡುವುದು ಕಷ್ಟ. ಮಗುವನ್ನು ಎದುರಿಗೆ ಕೂರಿಸಿಕೊಂಡು ತಜ್ವೀದ್ ಹೇಳಿಕೊಡುವ ನನಗೆ ಈ ಮಾತು ಬೇಗ ಹಿಡಿಸಿತು.

ಮೊದಲ ಜೋಡಿ ಎಲ್‌ಎಸ್ 3/5ಎ. ರೋಜರ್ಸ್ ಕಂಪನಿಯದು, ಹಳೆಯದು. ಊರೂರಿಗೆ ಹೋಗಿ ಕಾರ್ಯಕ್ರಮ ಪ್ರಸಾರ ಮಾಡುವ ವ್ಯಾನಿನೊಳಗೆ ಇಡಲೆಂದು 1970ರ ದಶಕದಲ್ಲಿ ಮಾಡಿದ್ದು. 30 ಸೆಂ.ಮೀ. ಎತ್ತರ, 19 ಅಗಲ, 16 ಆಳ ಇರಬಹುದು, ನಮ್ಮ ಬೇಳೆಯ ಡಬ್ಬದಷ್ಟು. ಪೆಟ್ಟಿಗೆಯ ಹಲಗೆ ದಪ್ಪವಿದ್ದಷ್ಟೂ ಒಳ್ಳೆಯದೆಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಇವರು ತೆಳು ಪ್ಲೈವುಡ್ ಹಾಕಿ ಒಳಗೋಡೆಗೆ ಡಾಂಬರಿನಂಥ ಹಾಳೆ ಅಂಟಿಸಿದರು. ಖಾಲಿ ಸ್ಟೀಲ್ ಡಬ್ಬ ತಟ್ಟಿ ನೋಡಿ, ಠಣ್ ಎನ್ನುತ್ತದೆ. ಅಕ್ಕಿ ತುಂಬಿ ತಟ್ಟಿ, ದಬ್ ಎಂದು ಸುಮ್ಮನಾಗುತ್ತದೆ. ಅಷ್ಟೇ ಇದರ ಗುಟ್ಟು.

ಎರಡನೆಯದು ಸ್ಪೆಂಡರ್ ಬಿಸಿ1, ಎರಡಡಿ ಎತ್ತರದ್ದು, ಜಗಳದ ಮೂಲ ಅದೇ. ಮೂರನೆಯದು ಹಾರ್ಬೆತ್ ಪಿ3ಇಎಸ್‌ಆರ್, ಹೊಸದು, ಗಾತ್ರದಲ್ಲಿ ರೋಜರ್ಸ್‌ನ ತಮ್ಮನಂತಿದೆ. ಈ ಎರಡು ಹೆಸರುಗಳ ಕತೆ ಕೇಳಿ ನನ್ನ ತಮ್ಮನ ಹೆಂಡತಿಯೂ ನಕ್ಕಳು. ಬಿಬಿಸಿಯಲ್ಲಿದ್ದ ಸ್ಪೆನ್ಸರ್ ಹ್ಯೂಸ್ ತನ್ನ ಹೆಸರಿಗೆ ಹೆಂಡತಿ ಡೊರೊಥಿಯ ಹೆಸರು ಸೇರಿಸಿ ಸ್ಪೆಂಡರ್ ಎಂದಿಟ್ಟ. ಅದೇ ವಿಭಾಗದಲ್ಲಿದ್ದ ಡಡ್ಲಿ ಹಾರ್‌ವುಡ್ 1977ರಲ್ಲಿ ತನ್ನ ಕಂಪನಿ ತೆರೆದಾಗ ಹೆಂಡತಿ ಎಲಿಜಬೆತ್‌ಳ ಹೆಸರು ಸೇರಿಸಿ ಹಾರ್ಬೆತ್ ಎಂದ. "ಇವರು ನನ್ನ ಹೆಸರಿನಲ್ಲಿ ಒಂದು ಕುರ್ಚಿಯನ್ನೂ ಇಟ್ಟಿಲ್ಲ" ಎಂದಳು ಅವಳು.

ನಾನು ಪರೀಕ್ಷೆಗೆ ತೆಗೆದುಕೊಂಡದ್ದು ಶೈಖ್ ಮಹ್ಮೂದ್ ಖಲೀಲ್ ಅಲ್ ಹುಸರಿಯವರ ಕಿರಾಅತ್. ಇಡೀ ಕುರ್‌ಆನನ್ನು ಮೊದಲು ಧ್ವನಿಮುದ್ರಿಸಿದವರು ಅವರೇ, 1961ರಲ್ಲಿ. ಮಖಾರಿಜ್ ಕಲಿಯುವವರಿಗೆ ಅವರಿಗಿಂತ ಒಳ್ಳೆಯ ಗುರು ಇಲ್ಲ. ದೊಡ್ಡ ಪೆಟ್ಟಿಗೆಯಲ್ಲಿ ಅವರ ಎದೆಯ ಧ್ವನಿ ಕೋಣೆ ತುಂಬಿತು, ಬಲು ಹಿತ. ಆದರೆ ಕೆಳಸ್ವರ ಒಂದಿಷ್ಟು ಎಳೆದಾಡಿತು. ರೋಜರ್ಸ್‌ನಲ್ಲಿ ಎದೆ ಅಷ್ಟಿಲ್ಲ, ಬಾಯಿ ಇದೆ. ಎರಡು ಪೆಟ್ಟಿಗೆಗಳ ನಡುವೆ, ಏನೂ ಇಲ್ಲದ ಜಾಗದಲ್ಲಿ ಮನುಷ್ಯ ಕುಳಿತು ಓದುತ್ತಿರುವಂತೆ. ನಾನು ತಲೆಯ ಸೆರಗು ಸರಿಮಾಡಿಕೊಂಡೆ ಎಂದರೆ ನೀವು ನಗಬಹುದು.

ಸೂರಃ ಅಲ್ ಕೌಸರ್ ಬಂತು. ಅರಬಿಯ ನಾಲ್ಕನೆಯ ಅಕ್ಷರ 'ಸಾ' ನಿಮಗೆ ಗೊತ್ತು. ನಾಲಗೆಯ ತುದಿ ಹಲ್ಲುಗಳ ನಡುವೆ ಬರಬೇಕು. ನಮ್ಮ ಮಕ್ಕಳು ಅದನ್ನು 'ಸೀನ್' ಮಾಡಿಬಿಡುತ್ತಾರೆ. ಶೈಖ್‌ರ ನಾಲಗೆ ಹಲ್ಲಿಗೆ ತಾಗಿದ್ದು ನನಗೆ ಕಂಡಂತಾಯಿತು. "ನನ್ನ ಹುಡುಗಿಯೊಬ್ಬಳಿಗೆ ಇದು ಕೊನೆಗೂ ಬರಲೇ ಇಲ್ಲ" ಎಂದೆ ತಮ್ಮನಿಗೆ.

"ಹೇಗೆ ಕೇಳಿದಿರಿ ಆಪಾ?"

"ಲಾಕ್‌ಡೌನ್ ಅಲ್ಲವೇ, ಫೋನಿನಲ್ಲಿ."

ಅವನು ಮಾತಾಡದೆ ಕಂಪ್ಯೂಟರಿನ ಮುಂದೆ ಕುಳಿತ. ಹಳೆಯ ಫೋನಿನ ಕರೆ 300ರಿಂದ 3400 ಹರ್ಟ್ಜ್‌ವರೆಗಿನ ಧ್ವನಿಯನ್ನಷ್ಟೇ ಹೊತ್ತೊಯ್ಯುತ್ತದೆ, 'ಸ'ದಂಥ ಅಕ್ಷರಗಳ ಜೀವ ಅದಕ್ಕೂ ಮೇಲಿದೆ ಎಂದ. ಅಷ್ಟನ್ನೇ ಉಳಿಸಿ, ಮಿಕ್ಕಿದ್ದನ್ನು ಕತ್ತರಿಸಿ ಅದೇ ಕಿರಾಅತನ್ನು ಮತ್ತೆ ಹಾಕಿದ. ಸಾ ಯಾವುದು, ಸೀನ್ ಯಾವುದು, ನನಗೆ ತಿಳಿಯಲಿಲ್ಲ. ಇನ್ನೊಮ್ಮೆ ಹಾಕಿಸಿದೆ. ತಿಳಿಯಲಿಲ್ಲ. ಹಾಗೆ ಕೇಳಿದರೆ ಶೈಖ್ ಹುಸರಿಯವರಿಗೂ ನಾನು ಅಂಕ ಕಡಿಯಬೇಕಿತ್ತು.

ಸಹೋದರಿಯರೇ, 2020ರಲ್ಲಿ ಆ ಹುಡುಗಿಯ ಮನೆಯಲ್ಲಿ ಇದ್ದದ್ದು ಬಟನ್ ಫೋನ್. ಅದೇ ಸೂರಃವನ್ನು ಮೂರು ಸಲ ಓದಿಸಿದೆ, ಮೂರು ಸಲವೂ ತಪ್ಪೆಂದೆ. ನಾಲ್ಕನೆಯ ಸಲ ಅವಳು ಅಳತೊಡಗಿದಳು. ತಾಯಿ ಫೋನ್ ತೆಗೆದುಕೊಂಡು, "ಬಾಜಿ, ನನಗೆ ಸರಿಯಾಗೇ ಕೇಳಸ್ತದ" ಎಂದಳು. ಮನೆಗೆಲಸಕ್ಕೆ ಹೋಗುವ ಹೆಣ್ಣುಮಗಳು. "ನಿಮಗೆ ತಜ್ವೀದ್ ಗೊತ್ತೇನು?" ಎಂದು ಕೇಳಿದವಳು ನಾನು. ಆ ವರ್ಷ ಹುಡುಗಿಗೆ ಕಡಿಮೆ ಅಂಕ ಹಾಕಿದೆ. ಮುಂದಿನ ವರ್ಷ ಅವಳು ಬರಲಿಲ್ಲ. ಮದ್ರಸಾದಲ್ಲಿ ತಜ್ವೀದ್ ಕಲಿತು, ಬಿ.ಎ.ಯಲ್ಲಿ ಇತಿಹಾಸ ಓದಿದವಳು ನಾನು. ಹರ್ಟ್ಜ್ ಎಂದರೇನೆಂದು ನನಗೆ ಗೊತ್ತಿರಲಿಲ್ಲ ಎನ್ನಬಹುದು. ಆದರೆ ಮಗುವಿನ ಪಕ್ಕದಲ್ಲಿ ಕುಳಿತವಳ ಕಿವಿ ನನ್ನ ಕಿವಿಗಿಂತ ಹತ್ತಿರವಿತ್ತು ಎಂಬುದಕ್ಕೆ ಯಾವ ವಿಜ್ಞಾನ ಬೇಕಿತ್ತು?

ಪೆಟ್ಟಿಗೆಗಳ ತೀರ್ಮಾನ ಹೇಳಿಬಿಡುತ್ತೇನೆ. ಹಾರ್ಬೆತ್ ಇರಲಿ ಎಂದೆ. ಅದರಲ್ಲಿ ರೋಜರ್ಸ್‌ನಷ್ಟೇ ಸ್ಪಷ್ಟ ಬಾಯಿ ಇದೆ, ಮೇಲಾಗಿ ಹಿತ ಮಿತ. ಹೊಸದಾದ್ದರಿಂದ ಕೆಟ್ಟರೆ ಭಾಗಗಳು ಸಿಗುತ್ತವೆ. ಹಳೆಯ ರೋಜರ್ಸ್‌ಗೆ ಸಂಗ್ರಹಿಸುವವರು ಒಳ್ಳೆಯ ಬೆಲೆ ಕೊಡುತ್ತಾರೆ, ತೊಟ್ಟಿಲಿನ ಖರ್ಚು ಅದರಲ್ಲೇ ಹೋಯಿತು. ಸ್ಪೆಂಡರ್ ಹೊರಡುವಾಗ ತಮ್ಮನ ಮುಖ ನೋಡಲಾಗಲಿಲ್ಲ. ಗಂಗೂಬಾಯಿಯವರ ಆ ಗಂಭೀರ ಕಂಠಕ್ಕೆ ಹಾರ್ಬೆತ್ ಸಾಕು, ಆದರೆ ತಬಲಾದ ಡಗ್ಗಾ ದೊಡ್ಡ ಪೆಟ್ಟಿಗೆಯಲ್ಲಿದ್ದಂತೆ ಇದರಲ್ಲಿ ಉರುಳುವುದಿಲ್ಲ. ಇದು ನನಗೆ ಹೇಗೆ ಗೊತ್ತೆಂದು ಕೇಳಬೇಡಿ, ಅಡುಗೆಮನೆ ಪಕ್ಕದಲ್ಲೇ ಇತ್ತು.

ಊರಿಗೆ ಬಂದ ವಾರದಲ್ಲಿ ಆ ಹುಡುಗಿಯ ಮನೆ ಹುಡುಕಿಕೊಂಡು ಹೋದೆ. ಬಾಗಿಲಲ್ಲಿ ನನ್ನನ್ನು ಕಂಡು ಹುಡುಗಿ ಒಳಗೆ ಸರಿದಳು. ಕರೆದು ಎದುರಿಗೆ ಕೂರಿಸಿಕೊಂಡು, ಕೌಸರ್ ಓದಮ್ಮ ಎಂದೆ. ಓದಿದಳು. ನಾಲಗೆಯ ತುದಿ ಹಲ್ಲುಗಳ ನಡುವೆ ಬಂದು ಹೋಯಿತು, ನನ್ನ ಕಣ್ಣೆದುರಿಗೇ. ಅವಳ ತಾಯಿ ಬಾಗಿಲಿಗೆ ಒರಗಿ ನಿಂತಿದ್ದಳು. ತಪ್ಪು ನನ್ನದಾಗಿತ್ತು, ಮಾಫ್ ಮಾಡಿ ಎಂದೆ ಇಬ್ಬರಿಗೂ.

"ನಾ ಅವತ್ತs ಹೇಳಿದ್ನಲ್ಲ ಬಾಜಿ" ಎಂದು ಅವಳು ಚಹಾಕ್ಕಿಡಲು ಒಳಗೆ ಹೋದಳು.