ಒಂದು ಒತ್ತಕ್ಷರದ ವಿಷಯ

ದೋಷವು ಕಂಡಲ್ಲಿ ಅದನ್ನು ಕೂಡಲೇ ತಿದ್ದಬೇಕೆಂಬದು ನಾವೆಲ್ಲ ಸಾಲೆಯಲ್ಲಿ ಕಲಿತ ಪಾಠ. ಆದರೆ ಕಂಡ ದೋಷವನ್ನು ಕಂಡ ದಿನವೇ ತಿದ್ದಬಾರದೆಂದು ವಾದಿಸುವ ಜನರೂ ಇದ್ದಾರೆ, ಮತ್ತು ಅವರು ಸೋಮಾರಿಗಳಲ್ಲವೆಂದರೆ ವಾಚಕರು ನಂಬಲಿಕ್ಕಿಲ್ಲ. ಮುಕ್ತ ತಂತ್ರಾಂಶಗಳನ್ನು ಕಟ್ಟುವ ಸ್ವಯಂಸೇವಕರೇ ಆ ಜನ. ಎರಡು ವರ್ಷಗಳಿಂದ ಅಂಥ ಒಂದು ಸಣ್ಣ ಗುಂಪಿನಲ್ಲಿ ಬಿಡುವಿನ ವೇಳೆ ಕಳೆಯುತ್ತಿರುವದರಿಂದ ಈ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ.

ಡೆಬಿಯನ್ ಎಂಬ ಹೆಸರನ್ನು ನಮ್ಮಲ್ಲಿ ಕೆಲವರಾದರೂ ಕೇಳಿರಬಹುದು. 1993ರಲ್ಲಿ ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿಯು ಆರಂಭಿಸಿದ ಈ ಗಣಕವ್ಯವಸ್ಥೆಯನ್ನು ಇಂದಿಗೂ ನಾನಾ ದೇಶಗಳ ಸ್ವಯಂಸೇವಕರೇ ನಡೆಸುತ್ತಾರೆ. ಅದರ 13ನೆಯ ಆವೃತ್ತಿಯು 2025ರ ಆಗಸ್ಟ್ 9ರಂದು ಹೊರಬಿದ್ದಿತು. ಅಲ್ಲಿ ದೋಷವನ್ನು ಯಾರು ಬೇಕಾದರೂ ತಿಳಿಸಬಹುದು. ಅವುಗಳನ್ನು ಏಳು ತರಗತಿಗಳಲ್ಲಿ ಹಚ್ಚುತ್ತಾರೆ. ಬಿಡುಗಡೆಯನ್ನು ತಡೆಯುವ ಶಕ್ತಿ ಮೊದಲ ಮೂರು ತರಗತಿಗಳಿಗೆ ಮಾತ್ರ. ಕಡೆಯ ತರಗತಿಯ ಹೆಸರೇ ಬಯಕೆಯ ಪಟ್ಟಿ! ಬಿಡುಗಡೆಗೆ ಕೆಲವು ತಿಂಗಳು ಮುಂಚೆ 'ಫ್ರೀಜ್' ಎಂಬ ಕಟ್ಟು ಬೀಳುವದು. ಅದು ಬಿಗಿಯಾದ ಮೇಲೆ ಏನನ್ನಾದರೂ ಸೇರಿಸಬೇಕಾದರೆ, ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ಸಾಲುಸಾಲಾಗಿ ಬಿಡುಗಡೆಯ ಮಂಡಳಿಯ ಮುಂದಿಟ್ಟು, ಕಾರಣ ಹೇಳಿ, ಅಪ್ಪಣೆ ಪಡೆಯಬೇಕು. ಬಿತ್ತಿಗೆಯಾದ ಮೇಲೆ ಬೀಜ ಬದಲಿಸಬೇಡಿರೆಂದು ನಮ್ಮ ರೈತರು ಹೇಳುವದಿಲ್ಲವೇ? ಅದರಂತೆ.

ನಮ್ಮ ಗುಂಪಿನದು ಇಷ್ಟು ದೊಡ್ಡ ಸಂಸಾರವಲ್ಲ. ಐದಾರು ಜನ ಸೇರಿ ಗಣಕಯಂತ್ರದ ಒಂದು ಕನ್ನಡ ಫಾಂಟನ್ನು ನೋಡಿಕೊಳ್ಳುತ್ತೇವೆ. ನಾನು ಅದರೊಳಗೆ ಬಂದದ್ದು ನಮ್ಮ ಅವ್ವನ ದೆಸೆಯಿಂದ. ಗುತ್ತಲದ ಕಡೆ ಲಕ್ಷ್ಮವ್ವ ಎಂಬ ಹೆಸರಿನವರು ಓಣಿಗೆ ಮೂವರು. ನಮ್ಮ ಅವ್ವ ಅವರಲ್ಲೊಬ್ಬಳು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅವ್ವನಿಗೆ ಓದು ಬರುವದಿಲ್ಲ. ಸಹಿಗೆಂದು ನಾನು ಕಲಿಸಿದ ಮೂರು ಅಕ್ಷರಗಳಷ್ಟೇ ಅವಳ ವಿದ್ಯೆ. ಒಮ್ಮೆ ಅರ್ಜಿಯೊಂದನ್ನು ಮುದ್ರಿಸಿ ತಂದಾಗ ಅದನ್ನು ಬೆಳಕಿಗೆ ಹಿಡಿದು, "ಯಪ್ಪಾ, ನೀ ಕಲಿಸಿದ್ದರಾಗ ನಡುವಿನ ಅಕ್ಷರಕ್ಕ ಕೆಳಗೊಂದು ಬಾಲ ಇತ್ತಲ್ಲೋ, ಇದರಾಗ ಎಲ್ಲೈತಿ?" ಎಂದಳು. ನೋಡಿದರೆ ನಿಜ! 'ಕ್ಷ್ಮ'ದ ಕೆಳಗಿನ ಮಕಾರದ ಒತ್ತು ಸಾಲಿನ ಅಂಚಿಗೆ ಸಿಕ್ಕು ಕತ್ತರಿಸಿಹೋಗಿತ್ತು. ಹಿಂದೊಮ್ಮೆ ಅವಳ ಅರ್ಜಿಯು "ಹೆಸರು ಹೊಂದುವದಿಲ್ಲ" ಎಂಬ ಷರಾದೊಡನೆ ಕಚೇರಿಯಿಂದ ತಿರುಗಿ ಬಂದದ್ದೇಕೆಂಬದು ಆಗ ನನಗೆ ಹೊಳೆಯಿತು.

ಗುಂಪಿಗೆ ಬರೆದೆ. ಬಿಡುಗಡೆಗೆ ಮೂರೇ ವಾರ ಉಳಿದಿತ್ತು. ಪರಿಹಾರವೇನೋ ಸುಲಭ: ಸಾಲಿನ ಎತ್ತರವನ್ನು ಹೆಚ್ಚಿಸಿದರಾಯಿತು. ಹಿರಿಯರೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಇದರಿಂದ ಮತ್ತೇನು ಕೆಡುತ್ತದೆ?" ಕೆಡುವದು ಬಹಳವಿತ್ತು. ಆ ಫಾಂಟಿನಲ್ಲಿ ಈ ಮೊದಲು ಬರೆದಿಟ್ಟ ಪ್ರತಿಯೊಂದು ಕಾಗದದ ಸಾಲುಗಳೂ ಕೆಳಗೆ ಸರಿಯುವವು. ಒಂದು ಪುಟದ ಅರ್ಜಿ ಎರಡು ಪುಟವಾಗುವದು. ಅಚ್ಚಿಗೆ ಸಿದ್ಧವಾದ ಪುಸ್ತಕದ ಪರಿವಿಡಿಯೇ ಸುಳ್ಳಾಗುವದು. ಒಂದು ಹೆಸರಿಗಾಗಿ ಎಷ್ಟು ಜನರ ಕಾಗದ ಕೆಡಿಸಬೇಕು?

ನನಗಾದರೋ ಸಿಟ್ಟು ಬಂದಿತು. ಪುಟ ಹೆಚ್ಚಿದರೆ ಎರಡು ರೂಪಾಯಿ ಹೋದೀತು, ಹೆಸರು ಕೆಟ್ಟರೆ ಅರ್ಜಿಯೇ ಹೋಗುವದೆಂದು ಎರಡು ರಾತ್ರಿ ವಾದಿಸಿದೆ. ಆ ಮಾತನ್ನು ಈಗಲೂ ಹಿಂದಕ್ಕೆ ತೆಗೆದುಕೊಳ್ಳಲಾರೆ. ಕೊನೆಗೆ ಇನ್ನೊಬ್ಬರು ಹಾದಿ ತೆಗೆದರು: ಸಾಲಿನ ಎತ್ತರವನ್ನು ಮುಟ್ಟುವದು ಬೇಡ, 'ಕ್ಷ್ಮ' ಒಂದಕ್ಕೆ ಮಾತ್ರ ಒತ್ತುಗಳನ್ನು ತುಸು ಚಿಕ್ಕದಾಗಿ, ತುಸು ಮೇಲಕ್ಕೆ ಬರೆದು ಸೇರಿಸೋಣ. ಹಾಗೆಯೇ ಆಯಿತು. ಲಕ್ಷ್ಮಣ, ಸೂಕ್ಷ್ಮ ಎಂಬ ಶಬ್ದಗಳನ್ನು ಹತ್ತಾರು ಗಾತ್ರಗಳಲ್ಲಿ ಮುದ್ರಿಸಿ ನೋಡುವ ಕೆಲಸ ನನ್ನ ಪಾಲಿಗೆ ಬಂದಿತು. 'ರಾಷ್ಟ್ರ'ಕ್ಕೂ ಅದೇ ಬಾಧೆಯಿತ್ತು. ಅದರ ಪರೀಕ್ಷೆಗೆ ವೇಳೆ ಸಾಲದೆಂದು ಮುಂದಕ್ಕೆ ಹಾಕಿದೆವು. ಹೀಗೆ ರಾಷ್ಟ್ರಕ್ಕಿಂತ ಅವ್ವ ಮೊದಲಾದಳು.

ಅದೇ ವಾರ ನಮ್ಮ ಹಳಗನ್ನಡದ ಗುರುಗಳು, ನಿಮ್ಮ ೞಕಾರವು ಅಂದವಾಗಿಲ್ಲ, ತಿದ್ದಿರಿ ಎಂದರು. ಅವರ ಮಾತು ನ್ಯಾಯವಾದದ್ದೇ. ಆದರೆ ಅದರಿಂದ ಯಾರ ಅರ್ಜಿಯೂ ತಿರುಗಿ ಬರುವದಿಲ್ಲವಾದ್ದರಿಂದ, ಮುಂದಿನ ಆವೃತ್ತಿಯವರೆಗೆ ತಡೆಯಬೇಕು ಸರ್ ಎಂದು ಹೇಳುವ ಕಷ್ಟ ನನಗೇ ಬಂದಿತು. ಪಾಪ, ೞಕಾರದ ಹಣೆಬರಹವೇ ಹೀಗೆ! ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಅದಕ್ಕೆ 'ಫ' ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬ ನಿಯಮವಿರುವದರಿಂದ, ತಪ್ಪು ಹೆಸರನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆದಿದ್ದಾರೆ. ಗುರುಗಳು ಇದನ್ನು ಕೇಳಿ ನಕ್ಕರು. ಗುತ್ತರಸರ ಕಾಲದ ಚೌಡದಾನಪುರದ ಮುಕ್ತೇಶ್ವರ ಗುಡಿಯ ಶಾಸನಗಳನ್ನು ನೆನೆದು, "ಆ ಕಲ್ಲುಕುಟಿಗನಿಗೆ ಮುಂದಿನ ಆವೃತ್ತಿಯೇ ಇರಲಿಲ್ಲವಪ್ಪಾ" ಎಂದರು.

ಹೊಸ ಆವೃತ್ತಿ ಹೊರಬಿದ್ದು ಈಗ ಐದು ತಿಂಗಳಾಯಿತು. ಮುಂದಿನದರ ಪಟ್ಟಿ ಆಗಲೇ ಬೆಳೆಯುತ್ತಿದೆ. ಸಾಲಿನ ಎತ್ತರ, ರಾಷ್ಟ್ರ, ೞಕಾರ ಮೂರೂ ಅದರಲ್ಲಿವೆ. ಯಾವುದು ಮೊದಲೆಂಬದು ಇನ್ನೂ ತೀರ್ಮಾನವಾಗಿಲ್ಲ.