ಬೆಟಗೇರಿಯ ಐರಾಣಿ

ಕಳೆದ ವೈಶಾಖದಲ್ಲಿ ಆಪ್ತರ ಮನೆಯ ಮದುವೆಗಾಗಿ ನಾವು ಬೆಟಗೇರಿಗೆ ಹೋಗಿದ್ದೆವು. ಮಗ್ಗಗಳಿಗೆ ಹೆಸರಾದ ಆ ಊರಿನಲ್ಲಿ ನಮ್ಮ ಕಣ್ಣು ಸೆಳೆದುದು ಸೀರೆಯಲ್ಲ, ಮಣ್ಣಿನ ಗಡಿಗೆ. ಮುತ್ತೈದೆಯರು ವಾದ್ಯದೊಡನೆ ಕುಂಬಾರರ ಮನೆಗೆ ಹೋಗಿ, ಹಾಡುತ್ತ ಐರಾಣಿಯ ಗಡಿಗೆಗಳನ್ನು ತಂದರು. ಸುಣ್ಣ ಬಳಿದ ಮೈಮೇಲೆ ಕೆಮ್ಮಣ್ಣಿನ ಗೆರೆ, ಚುಕ್ಕೆ, ಬಳ್ಳಿ, ಇಷ್ಟೇ ಅಲಂಕಾರ.

ಅದನ್ನು ಕಂಡು ನಮಗೆ ಪ್ರಾಚೀನ ಯವನರ ಚಿತ್ರಕುಂಭಗಳು ನೆನಪಾದವು. ಕ್ರಿಸ್ತಪೂರ್ವ 6ನೆಯ ಶತಮಾನದಲ್ಲಿ ಅಥೆನ್ಸಿನ ಕುಂಬಾರರು ಕೆಂಪು ಕೊಡದ ಮೇಲೆ ಕಪ್ಪು ಆಕೃತಿಗಳಿಂದ ಪುರಾಣವನ್ನೇ ಬರೆದರು. ಎಕ್ಸೀಕಿಯಾಸನೆಂಬವನ ಕೊಡವೊಂದು ವ್ಯಾಟಿಕನ್ನಿನಲ್ಲಿದೆ. ಟ್ರಾಯ್ ಯುದ್ಧದ ವೀರರಾದ ಅಕಿಲೀಸ್, ಅಜಾಕ್ಸರು ಈಟಿಯನ್ನು ಕೈಬಿಡದೆ ಕುಳಿತು ಪಗಡೆಯಂಥ ಆಟವಾಡುತ್ತಿದ್ದಾರೆ. ಒಬ್ಬನ ಬಾಯೆದುರು ನಾಲ್ಕು, ಇನ್ನೊಬ್ಬನ ಬಾಯೆದುರು ಮೂರು ಎಂದು ಬರೆದಿದೆ. ಇಬ್ಬರೂ ಆ ಯುದ್ಧದಿಂದ ಮನೆಗೆ ಮರಳಲಿಲ್ಲ. ಧರ್ಮರಾಯನ ದ್ಯೂತವನ್ನು ಬಲ್ಲ ವಾಚಕರಿಗೆ ಈ ಚಿತ್ರದ ವ್ಯಾಖ್ಯಾನ ಬೇಕಿಲ್ಲ.

ಆ ಕಪ್ಪು ಕಾಡಿಗೆಯದಲ್ಲ. ಕಬ್ಬಿಣದ ಅಂಶವುಳ್ಳ ಜೇಡಿಮಣ್ಣನ್ನು ನುಣ್ಣಗೆ ಸೋಸಿ ಬಳಿದು, ಆವಿಗೆಗೆ ಮೊದಲು ಗಾಳಿ ಬಿಟ್ಟು, ಆಮೇಲೆ ಮುಚ್ಚಿ, ಮತ್ತೆ ಬಿಟ್ಟು ಸುಡುತ್ತಿದ್ದರು. ಬಳಿದ ಭಾಗ ಕಪ್ಪಾಗಿಯೇ ನಿಂತು, ಮಿಕ್ಕ ಮೈ ಕೆಂಪಾಗುತ್ತಿತ್ತು. ಕುಂಬಾರರ ಹಿರಿಯರಿಗೆ ಇದನ್ನು ಹೇಳಿದೆವು. "ಹೊಗಿ ಕಟ್ಟಿದರ ಕರಿ ಆಗತೈತಿ, ಅದರಾಗ ಹೊಸಾದೇನೈತ್ರಿ?" ಎಂದು ಅವರು ನಕ್ಕರು.

ಹಾಗಾದರೆ ನಮ್ಮ ಮಣ್ಣಿಗೆ ಕಥೆಯಿಲ್ಲವೇ? ಉಂಟು. ಭಾದ್ರಪದದ ಜೋಕುಮಾರಸ್ವಾಮಿ ಕುಂಬಾರರ ಮನೆಯಲ್ಲಿಯೇ ಮಣ್ಣಿನಿಂದ ಹುಟ್ಟುತ್ತಾನೆ. ಬೇವಿನೆಲೆ ತುಂಬಿದ ಬುಟ್ಟಿಯಲ್ಲಿ ಅವನನ್ನು ಹೊತ್ತು ಶಿರಹಟ್ಟಿ, ಮುಂಡರಗಿಗಳ ಕಡೆಯ ಹಳ್ಳಿಗಳಲ್ಲಿ ಹೆಂಗಸರು ಮನೆಮನೆಗೆ ಹಾಡುತ್ತ ಹೋಗುತ್ತಾರೆ. ಏಳು ದಿನದ ಆಯುಷ್ಯ ತೀರಿದ ಮೇಲೆ ಮೂರ್ತಿ ಉಳಿಯುವುದಿಲ್ಲ. ಹಾಡು ಮಾತ್ರ ಮರುವರ್ಷ ಬರುತ್ತದೆ.

ಯವನರ ಕೊಡಗಳು ಇಷ್ಟೊಂದು ಉಳಿದುದಕ್ಕೆ, ಇಟಲಿಯ ಎಟ್ರುಸ್ಕನ್ ಜನರು ಅವನ್ನು ಕೊಂಡು ತಮ್ಮ ಗೋರಿಗಳಲ್ಲಿ ಇಟ್ಟುದು ಮುಖ್ಯ ಕಾರಣ. ಎಕ್ಸೀಕಿಯಾಸನ ಆ ಕೊಡವೂ ಅಲ್ಲಿಯ ವುಲ್ಚಿ ಎಂಬಲ್ಲಿ ದೊರೆಯಿತು. ನಮ್ಮ ಐರಾಣಿಯಾದರೋ ಮದುವೆಮನೆಯ ಸೊತ್ತು. ಮೂರನೆಯ ದಿನ ನೋಡಿದರೆ ಎರಡು ಗಡಿಗೆಗಳು ಕಾಳು ತುಂಬಿಕೊಂಡು ಅಡಿಗೆಮನೆ ಸೇರಿದ್ದವು. ಒಂದು ಹಿತ್ತಿಲಲ್ಲಿ ಒಡೆದು ಬಿದ್ದಿತ್ತು.

ತಮ್ಮ ಮನೆಯಲ್ಲಿ ಬಣ್ಣ ಬರೆಯುವ ಕೈ ಈಗ ತಮ್ಮದೊಂದೇ ಎಂದು ಆ ಹಿರಿಯರು ಹೇಳಿದ್ದರು. ಹೊರಡುವಾಗ, ಗಾಜಿನ ಕಪಾಟಿನಲ್ಲಿ ಇಡಲು ಒಂದು ಗಡಿಗೆ ಬೇಕೆಂದೆವು. ಅವರು ಕುಂಚವನ್ನು ಸುಣ್ಣದಲ್ಲಿ ಅದ್ದಿ, ತಲೆಯೆತ್ತಿ ಕೇಳಿದರು: "ಮನ್ಯಾಗ ಯಾರ ಲಗ್ನ ಐತ್ರಿ?"