ಚೊಚ್ಚಲಾದ ಮೇಲೆ

ನಮ್ಮ ಕಡೆಯ ಪದ್ಧತಿಯಂತೆ ಚೊಚ್ಚಲ ಹೆರಿಗೆ ತವರಿನಲ್ಲಿ. ಬಯಸಿದುದನ್ನು ಮಾಡಿಕೊಡಲು ತಾಯಿಯಿದ್ದಾಳೆ. ಕೂಸನ್ನು ನೋಡಬರುವವರ ಕೈಯಲ್ಲಿ ಬೆಳ್ಳಿಯ ಬಟ್ಟಲೋ ಕುಲಾವಿಯೋ ಇದ್ದೇ ಇರುತ್ತದೆ. ಎರಡನೆಯ ಕೂಸಿನ ಪಾಡು ಬೇರೆ. ಅದು ಅಣ್ಣನ ಹಳೆಯ ಕುಲಾವಿಯನ್ನೇ ತೊಟ್ಟು, “ಮೂಗು ದೊಡ್ಡವನ ಹಾಗಿಲ್ಲ” ಎಂಬ ವಿಮರ್ಶೆಯನ್ನು ಕೇಳುತ್ತ ಬೆಳೆಯಬೇಕು. ಕಲಾವಿದರ ಸಂತಾನಕ್ಕೂ ಇದೇ ನ್ಯಾಯ. ಮೊದಲ ಕವನಸಂಗ್ರಹಕ್ಕೆ ಹಿರಿಯರೊಬ್ಬರ ಮುನ್ನುಡಿ ದೊರೆಯುತ್ತದೆ. ಎರಡನೆಯದು ಬಂದಾಗ ಅದೇ ಹಿರಿಯರು ಪ್ರತಿ ತಲುಪಿತೆಂದು ಒಂದು ಸಾಲನ್ನೂ ಬರೆಯುವುದಿಲ್ಲ. ಮೊದಲನೆಯದರ ಹಿಂದೆ ಇಪ್ಪತ್ತೈದು ಮೂವತ್ತು ವರ್ಷಗಳ ಬದುಕು ಇರುತ್ತದೆ. ಎರಡನೆಯದರ ಹಿಂದೆ ಇರುವುದು ಎರಡು ಮೂರು ವರ್ಷಗಳ ಪ್ರಯಾಣ, ಹಾರತುರಾಯಿ ಮತ್ತು ನಿದ್ದೆಗೇಡು, ಅಷ್ಟೆ.

ಈ ವಿಚಾರವನ್ನು ನನ್ನ ತಲೆಯಲ್ಲಿ ಬಿತ್ತಿದವನು ಪಾಕೊ ಇಬಾನ್ಯೆಸ್ ಎಂಬ ಸ್ಪೇನಿನ ಹಾಡುಗಾರ. ಆತನ ಮೊದಲ ಧ್ವನಿಮುದ್ರಿಕೆ 1964ರಲ್ಲಿ ಬಂದಿತು, ಎರಡನೆಯದು 1967ರಲ್ಲಿ. ನನಗೆ ಸ್ಪ್ಯಾನಿಷ್ ಬಾರದು. ಕವಿತೆಗಳ ಇಂಗ್ಲಿಷ್ ಅನುವಾದವನ್ನು ಮೊದಲು ಓದಿ, ಆಮೇಲೆ ಮೊಬೈಲಿನಲ್ಲಿ ಹಾಡನ್ನು ಕೇಳುವುದು ನನ್ನ ಕ್ರಮ. ಕಾಲೇಜಿನ ಉತ್ತರಪತ್ರಿಕೆಗಳ ಕಟ್ಟು ಎದುರಿಗಿರುವಾಗ ಈ ಕ್ರಮ ಹೆಚ್ಚು ರುಚಿಸುತ್ತದೆಂಬುದನ್ನು ಮುಚ್ಚಿಡಬೇಕಾಗಿಲ್ಲ.

ಇಂಥವರನ್ನು ಸ್ಪೇನಿನಲ್ಲಿ ‘ಕಾಂತಾವುತೋರ್’ ಎನ್ನುತ್ತಾರೆ. ಹಾಡುವವನೂ ರಚಿಸುವವನೂ ಒಬ್ಬನೇ ಎಂದು ಅರ್ಥ. ನಮ್ಮ ‘ವಾಗ್ಗೇಯಕಾರ’ ಎಂಬ ಶಬ್ದಕ್ಕೆ ಸಮೀಪವಾದುದು. ಆದರೆ ಇಬಾನ್ಯೆಸ್ ಅರೆ ವಾಗ್ಗೇಯಕಾರ. ಗೇಯ ಮಾತ್ರ ಆತನದು, ವಾಕ್ಕು ಕವಿಗಳದು. ಯಾವ ಕವಿಯ ಯಾವ ಪದ್ಯವನ್ನು ಎತ್ತಿಕೊಳ್ಳಬೇಕೆಂಬ ಆಯ್ಕೆಯಲ್ಲಿಯೇ ಆತನ ಮಾತೆಲ್ಲ ಅಡಗಿದೆ.

ಹುಟ್ಟಿದುದು 1934ರ ನವೆಂಬರ್ 20ರಂದು, ವಲೆನ್ಸಿಯಾ ನಗರದಲ್ಲಿ. ತಂದೆ ಮರಗೆಲಸದವನು, ಅರಾಜಕತಾವಾದಿ. ತಾಯಿ ಬಾಸ್ಕ್ ಜನಾಂಗದವಳು. 1936ರಿಂದ 1939ರವರೆಗೆ ನಡೆದ ಅಂತರ್ಯುದ್ಧದಲ್ಲಿ ಜನರಲ್ ಫ್ರಾಂಕೋ ಗೆದ್ದಾಗ ಲಕ್ಷಾಂತರ ಮಂದಿಯೊಡನೆ ಈ ಸಂಸಾರವೂ ಫ್ರಾನ್ಸಿನ ಗಡಿಯನ್ನು ದಾಟಿತು. ನಿರಾಶ್ರಿತರಿಗಾಗಿ ಫ್ರೆಂಚರು ತೆರೆದಿದ್ದ ಶಿಬಿರಗಳಲ್ಲಿ ತಂದೆ ಬಂಧಿತನಾದನು. ತಾಯಿ ಮಕ್ಕಳೊಡನೆ ಮರಳಿ ಬಂದು ಬಾಸ್ಕ್ ನಾಡಿನ ಒಂದು ಹಳ್ಳಿಯಲ್ಲಿ ದಿನ ದೂಡಿದಳು. 1948ರಲ್ಲಿ ಅವರು ಮತ್ತೊಮ್ಮೆ ಗುಟ್ಟಾಗಿ ಗಡಿ ದಾಟಿ ತಂದೆಯನ್ನು ಸೇರಿದರು. ಹುಡುಗ ಅಪ್ಪನಿಂದ ಮರಗೆಲಸ ಕಲಿತನು. ಪಿಟೀಲು ಹಿಡಿದನು, ಅದನ್ನು ಬಿಟ್ಟು ಗಿಟಾರನ್ನು ಹಿಡಿದನು. ಮನೆಯ ಮಾತೊಂದು, ಹಳ್ಳಿಯ ಮಾತೊಂದು, ಬೀದಿಯ ಮಾತು ಮತ್ತೊಂದು. ಇಂಥ ಬಾಲ್ಯವನ್ನು ಕಂಡವನಿಗೆ ಭಾಷೆಯೆಂದರೆ ಮೂಟೆ ಕಟ್ಟಿಕೊಂಡು ಹೋಗಬಹುದಾದ ಏಕೈಕ ಮನೆ ಎನಿಸಿದ್ದರೆ ಆಶ್ಚರ್ಯವಿಲ್ಲ.

1950ರ ದಶಕದ ಪ್ಯಾರಿಸ್. ಲ್ಯಾಟಿನ್ ಕ್ವಾರ್ಟರ್ ಎಂಬ ವಿದ್ಯಾರ್ಥಿಗಳ ಕೇರಿಯಲ್ಲಿ ರಾತ್ರಿಯ ಹೊತ್ತು ಇತರರ ಹಾಡಿಗೆ ಗಿಟಾರ್ ನುಡಿಸಿ ಹೊಟ್ಟೆ ಹೊರೆಯುತ್ತಿದ್ದಾಗ ಆತ ಇಬ್ಬರನ್ನು ಕೇಳಿದನು: ಫ್ರಾನ್ಸಿನ ಜಾರ್ಜ್ ಬ್ರಾಸಾನ್ಸ್, ಅರ್ಜೆಂಟೀನಾದ ಅತಾವಾಲ್ಪ ಯುಪಾಂಕಿ. ಒಂದು ಗಿಟಾರು, ಒಂದು ಕಂಠ, ಒಂದು ಕವಿತೆ ಇಷ್ಟಿದ್ದರೆ ಸಭೆಯನ್ನು ಹಿಡಿದು ನಿಲ್ಲಿಸಬಹುದೆಂಬುದನ್ನು ಈ ಇಬ್ಬರಿಂದ ಕಲಿತನೆನ್ನಬೇಕು. 1956ರಲ್ಲಿ, ಕಪ್ಪುಡುಗೆ ತೊಟ್ಟ ಆಂದಲೂಸಿಯಾದ ಹೆಂಗಸೊಬ್ಬಳ ಛಾಯಾಚಿತ್ರ ಆತನ ಕಣ್ಣಿಗೆ ಬಿದ್ದಿತು. ಅದನ್ನು ನೋಡುತ್ತ ನೆನಪಾದುದು ಗೊಂಗೊರ ಕವಿಯ ಒಂದು ಪದ್ಯ. ಗಂಡ ಯುದ್ಧಕ್ಕೆ ಹೋದನೆಂದು ತಾಯಿಯ ಮುಂದೆ ಅಳುವ ಎಳೆಯ ಮದುವಣಗಿತ್ತಿಯ ಗೋಳು. ಗೊಂಗೊರ ಅದನ್ನು ಬರೆದುದು 1580ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ. ಪಾಕೊ ರಾಗ ಹಾಕಿದ ಮೊದಲ ಕವಿತೆ ಅದು.

ಮೊದಲ ಧ್ವನಿಮುದ್ರಿಕೆಯಲ್ಲಿ ಇಬ್ಬರೇ ಕವಿಗಳು: ಗೊಂಗೊರ ಮತ್ತು 1936ರಲ್ಲಿ ಗ್ರನಾದದ ಬಳಿ ಗುಂಡಿಗೆ ಬಲಿಯಾದ ಲೋರ್ಕ. ಹೊದಿಕೆಯ ಚಿತ್ರ ಸಾಲ್ವದೋರ್ ದಾಲಿಯದು! ಇದಕ್ಕಿಂತ ಶ್ರೀಮಂತವಾದ ತವರು ಯಾವ ಚೊಚ್ಚಲಿಗೆ ಉಂಟು? ಲೋರ್ಕನ ಹೆಸರೇ ಒಂದು ಆರೋಪಪಟ್ಟಿ, ನಿಜ. ಆದರೆ ಅಲ್ಲಿರುವುದು ದೂರದೂರಿಗೆ ಹೊರಟ ಸವಾರನ ಹಾಡು, ಸಮುದ್ರಕ್ಕೆ ಹೋದ ಹುಡುಗಿಯ ಹಾಡು. ಫ್ರಾನ್ಸಿನಲ್ಲಿ ಸ್ಪ್ಯಾನಿಷ್ ಕಲಿಸುವ ಉಪಾಧ್ಯಾಯರು ಅದನ್ನು ತರಗತಿಗಳಿಗೆ ಒಯ್ದರು. ಉಪಾಧ್ಯಾಯರ ಕೈಗೆ ಸಿಕ್ಕಿತೆಂದರೆ ಕಲಾವಿದನಿಗೆ ಒಂದು ಬಗೆಯ ಪಿಂಚಣಿ ದೊರೆತಂತೆ. ಇನ್ನೂ ನಾಲ್ಕು ಬಾರಿ ಗೊಂಗೊರನನ್ನೂ ಲೋರ್ಕನನ್ನೂ ಹಾಡಿ ಆತ ಸುಖವಾಗಿ ಇರಬಹುದಾಗಿತ್ತು.

ಎರಡನೆಯದನ್ನು ಕೇಳಿ ನೋಡಿ. ಹಳಬರನ್ನು ಆತ ಬಿಟ್ಟಿಲ್ಲ. ಹದಿನೇಳನೆಯ ಶತಮಾನದ ಕೆವೆದೊ ಅಲ್ಲಿದ್ದಾನೆ. ಆದರೆ ಆತನ ಅಕ್ಕಪಕ್ಕದಲ್ಲಿ ಯಾರು? ಯುದ್ಧ ಮುಗಿದ ವರ್ಷವೇ ದೇಶ ಬಿಟ್ಟು, 1967ರಲ್ಲಿಯೂ ಹೊರನಾಡಿನಲ್ಲಿದ್ದ ರಫಾಯೆಲ್ ಅಲ್ಬೆರ್ತಿ. ಮಾತನ್ನು ಅಳೆದು ಸುರಿದು ಬರೆಯುತ್ತಿದ್ದ ಗಾಬ್ರಿಯೆಲ್ ಸೆಲಾಯ ಮತ್ತು ಬ್ಲಾಸ್ ದೆ ಒತೆರೊ. ಮತ್ತೆ ಮಿಗೆಲ್ ಎರ್ನಾಂದೆಸ್, ಒರಿಉಎಲದ ಮೇಕೆ ಕಾಯುವ ಹುಡುಗನಾಗಿದ್ದ ಕವಿ. ಮರಣದಂಡನೆಗೆ ಗುರಿಯಾಗಿ, ಅದು ಮೂವತ್ತು ವರ್ಷಗಳ ಸೆರೆಯಾಗಿ ಇಳಿದು, ಕಡೆಗೆ 1942ರ ಮಾರ್ಚಿಯಲ್ಲಿ ಅಲಿಕಾಂತೆಯ ಸೆರೆಮನೆಯಲ್ಲಿ ಕ್ಷಯದಿಂದ ತೀರಿಕೊಂಡನು. ವಯಸ್ಸು ಮೂವತ್ತೊಂದು. ನನಗಿಂತ ಚಿಕ್ಕವನು.

ಎರ್ನಾಂದೆಸನ ಆ ಪದ್ಯ ಹಾಯೆನ್ ಪ್ರಾಂತದ ಆಲಿವ್ ಕೊಯ್ಯುವವರನ್ನು ಉದ್ದೇಶಿಸಿ 1937ರಲ್ಲಿ ಬರೆದುದು. ಈ ಮರಗಳನ್ನು ಬೆಳೆಸಿದವರಾರು ಎಂದು ಕವಿ ಅವರನ್ನೇ ಕೇಳುತ್ತಾನೆ. ಒಡೆಯನಲ್ಲ, ಹಣವಲ್ಲ, ಮೌನವಾದ ಮಣ್ಣು, ದುಡಿಮೆ, ಬೆವರು ಎಂಬುದು ಅಲ್ಲಿಯ ಉತ್ತರ. ಛಂದಸ್ಸು ಜನಪದರದು, ಎಂಟೆಂಟು ಅಕ್ಷರಗಳ ಸಾಲು. ನಮ್ಮ ಅಕ್ಷರವೃತ್ತಗಳಂತೆ ಅವರೂ ಅಕ್ಷರಗಳನ್ನು ಎಣಿಸುತ್ತಾರೆ, ಆದರೆ ಲಘುಗುರುಗಳ ಕಟ್ಟುಪಾಡಿಲ್ಲ. (ಎಂ.ಎ. ಕನ್ನಡದವನು ಛಂದಸ್ಸಿನ ಮಾತೆತ್ತದೆ ಎರಡು ಪುಟ ದಾಟಲಾರ, ವಾಚಕರು ಕ್ಷಮಿಸಬೇಕು.) ಪಾಕೊ ಈ ಸಾಲುಗಳನ್ನು ಅವಸರಿಸುವುದಿಲ್ಲ. ಪ್ರಶ್ನೆ ಬಂದಲ್ಲಿ ಪ್ರಶ್ನೆಯಷ್ಟೇ ಎತ್ತರಕ್ಕೆ ದನಿ ಏರುತ್ತದೆ. ಇದೇ ತಟ್ಟೆಯಲ್ಲಿ ಕೆವೆದೊ, ಹಣವೆಂಬ ಮಹಾಶಯನನ್ನು ಗೇಲಿ ಮಾಡುತ್ತಾನೆ. ಮುನ್ನೂರು ವರ್ಷಗಳ ಹಿಂದಿನ ಗೇಲಿಯನ್ನು ಆಲಿವ್ ತೋಟದ ಪಕ್ಕದಲ್ಲಿಟ್ಟು ಕೇಳಿದಾಗ ಅದು ಹಳೆಯದೆನಿಸುವುದಿಲ್ಲ, ಹೊಸದು ಒಂಟಿಯೆನಿಸುವುದಿಲ್ಲ. ಹೀಗೆ ಪಕ್ಕಪಕ್ಕದಲ್ಲಿ ಕೂರಿಸುವುದೂ ಒಂದು ರಚನೆಯೇ ಎಂದು ನಾನು ತಿಳಿಯುತ್ತೇನೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಭಾವಗೀತೆಗಳನ್ನು ಹಾಡುತ್ತಾನೆ. ಕಂಠ ಒಳ್ಳೆಯದು. ಮೂರು ವರ್ಷಗಳ ಹಿಂದೆ ಮೊದಲ ಆಲ್ಬಮ್ ಹೊರಟಿತು. ಅಂದಿನಿಂದ ಗಣೇಶೋತ್ಸವ, ರಾಜ್ಯೋತ್ಸವ, ಸಂಘದ ವಾರ್ಷಿಕೋತ್ಸವವೆಂದು ಊರೂರು ತಿರುಗುತ್ತಿದ್ದಾನೆ. ಎಲ್ಲೆಡೆಯಲ್ಲಿಯೂ ಅದೇ ನಾಲ್ಕು ಹಾಡುಗಳ ಬೇಡಿಕೆ. ಮೊನ್ನೆ ಮನೆಗೆ ಬಂದವನು, “ಸರ್, ಎರಡನೆಯ ಆಲ್ಬಮಿಗೆ ಹಾಡಲು ಬರುವಂಥ ಹತ್ತು ಕವಿತೆಗಳನ್ನು ಆರಿಸಿಕೊಡಿ” ಎಂದನು. ‘ಹಾಡಲು ಬರುವಂಥ’ ಎಂಬ ವಿಶೇಷಣ ನನ್ನನ್ನು ಚುಚ್ಚಿತು. ನಾನು ಪಾಕೊವಿನ ಕಥೆಯನ್ನು ವಿಸ್ತಾರವಾಗಿ ಹೇಳಿದೆ. ಆತ ವಿನಯದಿಂದ ಕೇಳಿ, ಕಾಫಿಯ ಲೋಟವನ್ನು ಕೆಳಗಿಟ್ಟು, “ಆತನಿಗೆ ಎದುರಾಳಿಯಾಗಿ ಫ್ರಾಂಕೋ ಇದ್ದ, ಸರ್. ನನಗಿರುವವರು ಕಾರ್ಯಕ್ರಮದ ಸಂಯೋಜಕರು” ಎಂದನು.

ಮಾತಿನಲ್ಲಿ ಹುರುಳಿದೆ; ಅದನ್ನು ತಳ್ಳಿಹಾಕಲಾರೆ. ಸರ್ವಾಧಿಕಾರಿಯನ್ನು ಎದುರಿಸುವವನಿಗೆ ತಾನು ಯಾರ ವಿರುದ್ಧ ಹಾಡುತ್ತಿದ್ದೇನೆಂಬುದಾದರೂ ಸ್ಪಷ್ಟ. ಶಾಲು ಹೊದಿಸುವವರನ್ನು ಎದುರಿಸುವುದು ಹೇಗೆ? ಆದರೂ ಕೆವೆದೊವಿನ ಹಣದ ಪದ್ಯಕ್ಕೆ ಫ್ರಾಂಕೋ ಬೇಕಾಗಿರಲಿಲ್ಲವಲ್ಲ. ಕೇಳುವವರು ಒಪ್ಪಿರುವುದನ್ನು ಬಿಟ್ಟು, ತನಗೆ ಹೇಳಲೇಬೇಕೆನಿಸಿದುದನ್ನು ಹುಡುಕಿಕೊಂಡು ಹೋಗುವ ಕೆಲಸ ಯಾವ ಆಡಳಿತದಲ್ಲಿಯೂ ಇದ್ದದ್ದೇ.

ನಮ್ಮಲ್ಲಿ ಈ ದಾರಿ ಹೊಸದಲ್ಲ. ಕಾಳಿಂಗರಾಯರು ಕುವೆಂಪು, ಬೇಂದ್ರೆಯವರ ಕವಿತೆಗಳನ್ನು ನಾಡಿನ ಕಿವಿಗೆ ಮುಟ್ಟಿಸಿದರು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಮನೆಮನೆಗೆ ಹೋಯಿತು. ಈ ಋಣ ದೊಡ್ಡದು. ಆದರೂ ತರಗತಿಯಲ್ಲಿ ನನಗೊಂದು ಪೇಚುಂಟು. ಹಾಡಾಗಿ ಪ್ರಸಿದ್ಧವಾದ ಪದ್ಯವನ್ನು ಓದೆಂದರೆ ಹುಡುಗರು ಗುನುಗುತ್ತಾರೆ. ಅಲ್ಪವಿರಾಮ ಬಂದಲ್ಲಿ ನಿಲ್ಲಲು ಆಗುವುದೇ ಇಲ್ಲ. ರಾಗ ಅವರನ್ನು ಮುಂದಕ್ಕೆ ಒಯ್ದುಬಿಡುತ್ತದೆ. ಅರ್ಥ ಹಿಂದಿನ ಬಸ್ಸಿನಲ್ಲಿ ಬರುತ್ತದೆ. ಈಚಿನ ಆಲ್ಬಮುಗಳಲ್ಲಂತೂ ಕೊಳಲು, ಕೀಬೋರ್ಡು, ತಬಲಗಳೆಲ್ಲ ಬಂದು ಕುಳಿತ ಮೇಲೆ ಕವಿತೆಗೆ ಚಾಪೆಯೇ ಉಳಿದಿರುವುದಿಲ್ಲ. ಪಾಕೊವಿನಲ್ಲಿ ಗಿಟಾರು ಊರುಗೋಲಿದ್ದಂತೆ. ನಡೆಯುವುದು ಪದ. ಕಂಠವೂ ಮಧುರವೆನ್ನುವಂಥದಲ್ಲ, ಅಷ್ಟಿಷ್ಟು ಒರಟು, ಉಜ್ಜುಗೊರಡು ತಾಗದ ಹಲಗೆಯಂತೆ. ನನಗೆ ಅದೇ ಇಷ್ಟ. ನನ್ನ ಹೆಂಡತಿಗೆ ಅಲ್ಲ.

ಮುಂದಿನದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1968ರಲ್ಲಿ ಆತ ಸ್ಪೇನಿಗೆ ಬಂದು, ಬಾರ್ಸಿಲೋನಾಕ್ಕೆ ದೂರವಲ್ಲದ ಮನ್ರೇಸದಲ್ಲಿ ಹಾಡಿದನು. 1970ರ ದಶಕದ ಮೊದಲಲ್ಲಿ ಸರ್ಕಾರ ಆತನ ಹಾಡುಗಾರಿಕೆಯನ್ನು ನಿಷೇಧಿಸಿತು. ಆತ ಪ್ಯಾರಿಸ್ಸಿಗೆ ಮರಳಿದನು. ಫ್ರಾಂಕೋ ಸತ್ತುದು 1975ರ ನವೆಂಬರ್ 20ರಂದು, ಪಾಕೊವಿನ ನಲವತ್ತೊಂದನೆಯ ಹುಟ್ಟುಹಬ್ಬದ ದಿನ. ಕಥೆಗಾರನೊಬ್ಬ ಹೀಗೆ ಬರೆದಿದ್ದರೆ ಸಂಪಾದಕರು ಅಸಂಭವವೆಂದು ಹಿಂತಿರುಗಿಸುತ್ತಿದ್ದರು. 1980ರ ದಶಕದಲ್ಲಿ ಫ್ರೆಂಚ್ ಸರ್ಕಾರ ಎರಡು ಬಾರಿ ಪದಕ ಕೊಡಲು ಬಂದಾಗ ಎರಡು ಬಾರಿಯೂ ಬೇಡವೆಂದನು. ಕಪ್ಪು ಅಂಗಿ ತೊಟ್ಟು, ಕುರ್ಚಿಯ ಮೇಲೆ ಒಂದು ಕಾಲನ್ನೂರಿ, ಎಂಬತ್ತು ದಾಟಿದ ಮೇಲೂ ಊರೂರುಗಳಲ್ಲಿ ಹಾಡಿದನು.

ಅಲ್ಬೆರ್ತಿ 1977ರಲ್ಲಿ ಸ್ವದೇಶಕ್ಕೆ ಮರಳಿದನು. 1991ರಲ್ಲಿ ಕವಿ ಮತ್ತು ಗಾಯಕ ಮ್ಯಾಡ್ರಿಡ್ಡಿನ ವೇದಿಕೆಯಲ್ಲಿ ಜೊತೆಯಾಗಿ ನಿಂತರು. ಒಬ್ಬ ಓದುವವನು, ಒಬ್ಬ ಹಾಡುವವನು. ಕವಿಗೆ ಆಗ ಎಂಬತ್ತೆಂಟು. ಆ ಕಾರ್ಯಕ್ರಮಕ್ಕೆ ಇಟ್ಟ ಹೆಸರು, ಎರಡನೆಯ ಧ್ವನಿಮುದ್ರಿಕೆಯಲ್ಲಿದ್ದ ಅಲ್ಬೆರ್ತಿಯ ಯುದ್ಧಕಾಲದ ಕುದುರೆಯೋಟದ ಹಾಡಿನದು. ಅದರ ಪಲ್ಲವಿಯಲ್ಲಿ ಗೊರಸಿನ ಸದ್ದು ಮಾತಾಗಿ ಬರುತ್ತದೆ. 1969ರ ಡಿಸೆಂಬರ್ 2ರಂದು ಪ್ಯಾರಿಸ್ಸಿನ ಒಲಿಂಪಿಯಾ ಸಭಾಂಗಣದಲ್ಲಿ ಧ್ವನಿಮುದ್ರಿಸಿದ ಅದೇ ಹಾಡನ್ನು ಕೇಳಬೇಕು: ಪಲ್ಲವಿ ಬಂದಾಗ ಸಭೆಗೆ ಸಭೆಯೇ ದನಿಗೂಡಿಸುತ್ತದೆ, ಗಾಯಕನಿಗೆ ಅಲ್ಲಿ ಹೆಚ್ಚಿನ ಕೆಲಸವಿಲ್ಲ.

ನನ್ನ ಐದು ವರ್ಷದ ಮಗಳಿಗೆ ಈ ಭಾಗ ಬಂದಿತೆಂದರೆ ತಡೆಯುವುದಿಲ್ಲ. ನಡುಮನೆಯಿಂದ ಅಡುಗೆಮನೆಯವರೆಗೆ ಕುದುರೆಯಾಗಿ ಓಡುತ್ತಾಳೆ. ಕೆಳಮನೆಯವರು ಒಂದು ಸಂಜೆ ಮೆಟ್ಟಿಲು ಹತ್ತಿ ಬಂದು, ಇದೇನೆಂದು ಕೇಳಿದರು. ಸ್ಪೇನ್ ದೇಶದ ಕವಿತೆ ಎಂದೆ. “ನಾಳೆ ಮಗನಿಗೆ ಪರೀಕ್ಷೆ ಇದೆ, ಸ್ವಲ್ಪ ಮೆಲ್ಲಗೆ ಇಟ್ಟುಕೊಳ್ಳಿ” ಎಂದವರು, ಬಾಗಿಲಲ್ಲಿ ತಿರುಗಿ ನಿಂತು, ಪಲ್ಲವಿ ಮುಗಿಯುವವರೆಗೆ ಕೇಳಿಕೊಂಡೇ ಇಳಿದುಹೋದರು.